ವಚನಸಂಶೋಧನವೂ ಯಂತ್ರಸಾಹಾಯ್ಯವೂ

ಕಳೆದ ಶ್ರಾವಣಮಾಸದಲ್ಲಿ ತಿಕೋಟಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಂಗಿಯನ್ನು ಸಂಗಡ ಕರೆದುಕೊಂಡು ವಿಜಯಪುರದ ನಮ್ಮ ಮನೆಗೆ ಬಂದಿದ್ದನು. ದ್ರಾಕ್ಷಿಯ ತೋಟದ ಮನೆತನದವನು. ಸಂಖ್ಯಾಶಾಸ್ತ್ರವನ್ನು ಓದಿ, ಆರು ವರ್ಷಗಳಿಂದ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಂಕಿಸಂಖ್ಯೆಗಳನ್ನು ವಿಂಗಡಿಸಿ ಅವುಗಳ ಸಾರವನ್ನು ತೆಗೆದು ಹೇಳುವ ಉದ್ಯೋಗದಲ್ಲಿರುವನು. ತಂಗಿಯು ಬಬಲೇಶ್ವರಕ್ಕೆ ಕೊಟ್ಟ ಹೆಣ್ಣುಮಗಳು, ಕನ್ನಡ ಎಂ.ಎ. ಮುಗಿಸಿ, ವಚನಸಾಹಿತ್ಯದಲ್ಲಿ ಸಂಶೋಧನ ಮಾಡಬೇಕೆಂಬ ಹಂಬಲವುಳ್ಳವಳು. ಚಹ ಮುಗಿಯುವದರೊಳಗೆ ಅಣ್ಣನು ಬಂದ ಕಾರಣವನ್ನು ಹೇಳಿದನು: “ಗುರುಗಳೇ, ನಾನು ಎರಡು ದಿನ ಕೂತು ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರವು ಊಟ ಮಾಡಿ ಬರುವಷ್ಟರಲ್ಲಿ ಮಾಡಿಟ್ಟಿರುತ್ತದೆ. ನಮ್ಮ ವಿಭಾಗದಲ್ಲಿ ಹೊಸ ಹುಡುಗರನ್ನು ತೆಗೆದುಕೊಳ್ಳುವದನ್ನೇ ನಿಲ್ಲಿಸಿದ್ದಾರೆ. ಇವಳು ಈಗ ಸಂಶೋಧನಕ್ಕೆ ಇಳಿಯುತ್ತೇನೆ ಅನ್ನುತ್ತಾಳೆ. ಬ್ಯಾಂಕಿನ ಪರೀಕ್ಷೆಗೆ ಕೂಡ್ರು ಎಂದು ನೀವಾದರೂ ಹೇಳಿರಿ.” ತಂಗಿಯು ತಲೆ ತಗ್ಗಿಸಿ ಕೂತಿದ್ದಳು, ಒಪ್ಪಿಗೆಯಿಂದಲ್ಲ.

ಭವಿಷ್ಯವನ್ನು ಹೇಳುವದು ಜ್ಯೋತಿಷಿಗಳ ಕೆಲಸ. ಶಾಲಾಮಾಸ್ತರನಿಗೆ ಅದು ಸಲ್ಲದು. ಆದರೆ ಓಲೆಗರಿಯ ಕಟ್ಟುಗಳಿಂದ ಒಂದು ಶಾಸ್ತ್ರವೇ ಎದ್ದು ನಿಂತ ಊರು ನಮ್ಮದು. ಆ ಶಾಸ್ತ್ರವು ಯಾವ ಯಾವ ಕೈಗಳಿಂದ ಬೆಳೆಯಿತು, ಯಾವ ಕೈಯ ಕೆಲಸವನ್ನು ಯಾವ ಯಂತ್ರವು ಯಾವಾಗ ತೆಗೆದುಕೊಂಡಿತು, ಆಗ ಆ ಕೈಯವನ ಗತಿಯೇನಾಯಿತು ಎಂಬುದನ್ನು ನೋಡಿದರೆ, ಅಣ್ಣತಂಗಿಯರ ಪ್ರಶ್ನೆಗೆ ಉತ್ತರವಲ್ಲದಿದ್ದರೂ ಉತ್ತರದ ದಾರಿಯಾದರೂ ಕಾಣಬಹುದೆಂದು ತೋರಿತು. ಅಂದು ಅವರಿಗೆ ಬಾಯಿಂದ ಹೇಳಿದ ಮಾತುಗಳನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ದಿ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ೧೯೦೪ರಲ್ಲಿ ಕಾಯಿದೆಯ ಪದವಿಯನ್ನು ಪಡೆದು, ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ಮಾಡಿ, ಬಳಿಕ ಆಗಿನ ಬಿಜಾಪುರಕ್ಕೆ ಬಂದು ನೆಲೆಸಿದರು. ಶಿಕ್ಷಣಸಂಸ್ಥೆ, ಸಹಕಾರಿ ಬ್ಯಾಂಕು ಮುಂತಾಗಿ ಅವರು ಈ ಊರಿಗೆ ಮಾಡಿದ ಉಪಕಾರಗಳನ್ನು ಎಣಿಸುವದು ಈ ಲೇಖನದ ಉದ್ದೇಶವಲ್ಲ. ವಚನಗಳ ವಿಷಯದಲ್ಲಿ ಮಾತ್ರ ಒಂದು ಮಾತು. ಅವರು ರಬಕವಿಯ ಒಂದು ಮನೆಯಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಯ ಕಟ್ಟುಗಳನ್ನು ಕಂಡಾಗ, ಅವು ಪೂಜೆಯ ವಸ್ತುಗಳಾಗಿದ್ದುವೇ ಹೊರತು ಓದಿನ ವಸ್ತುಗಳಾಗಿರಲಿಲ್ಲ. ಅಲ್ಲಿಂದ ಮುಂದೆ ಮಠಗಳಲ್ಲಿಯೂ ಮನೆತನಗಳಲ್ಲಿಯೂ ಬೇಡಿಕೊಂಡು, ಕೊಡದವರಲ್ಲಿ ಕೂತು ಬರೆದುಕೊಂಡು, ಸುಮಾರು ಸಾವಿರ ಕಟ್ಟುಗಳನ್ನು ಕೂಡಿಸಿದರು. ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ೧೯೨೩ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು, ಅದಕ್ಕೆ ಮುಂಚೆ ಮಂಗಳೂರಿನ ಮುದ್ರಣಾಲಯವೊಂದು ಹಸ್ತಪ್ರತಿಯನ್ನು ಅಚ್ಚು ಮಾಡದೆ ಮರಳಿಸಿದ್ದಿತು. ಅನ್ಯರ ಮುದ್ರಣಾಲಯಗಳನ್ನು ನೆಚ್ಚಿ ಕೆಲಸ ಸಾಗದೆಂದು ೧೯೨೫ರಲ್ಲಿ ಅವರು ಬಿಜಾಪುರದಲ್ಲಿಯೇ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಇದಕ್ಕಾಗಿ ಇದ್ದ ಮನೆಯನ್ನು ಮಾರಿದರೆಂಬುದನ್ನು ನಮ್ಮ ಊರ ಹಿರಿಯರು ಇಂದಿಗೂ ಹೇಳುತ್ತಾರೆ. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯು ಹೊರಟಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯಸಮ್ಮೇಲನಕ್ಕೆ ಅವರೇ ಅಧ್ಯಕ್ಷರಾಗಿದ್ದರು. ಆರ್. ನರಸಿಂಹಾಚಾರ್ಯರ ‘ಕವಿಚರಿತೆ’ಯಂಥ ಮಹಾಗ್ರಂಥದಲ್ಲಿ ಕೂಡ ಕೆಲವೇ ವಚನಕಾರರ ಪರಿಚಯವಿದ್ದ ಕಾಲದಲ್ಲಿ, ಇನ್ನೂರಕ್ಕೂ ಮೇಲ್ಪಟ್ಟ ವಚನಕಾರರನ್ನು ಬೆಳಕಿಗೆ ತಂದ ಶ್ರೇಯಸ್ಸು ಈ ಒಬ್ಬ ವಕೀಲರದು. ಅವರು ೧೯೬೪ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಈಗ ವಾಚಕರು ಸ್ವಲ್ಪ ನಿಂತು ನೋಡಬೇಕಾದ ಸಂಗತಿಯೊಂದುಂಟು. ಹಳಕಟ್ಟಿಯವರು ಯಾವ ವಿಶ್ವವಿದ್ಯಾಲಯದಲ್ಲಿಯೂ ವಚನಶಾಸ್ತ್ರವನ್ನು ಕಲಿತವರಲ್ಲ. ಆಗ ಅದನ್ನು ಕಲಿಸುವವರೇ ಇರಲಿಲ್ಲ. ಅವರು ಪ್ರತಿ ಮಾಡುತ್ತ ಕಲಿತರು, ಕರಡಚ್ಚು ತಿದ್ದುತ್ತ ಕಲಿತರು. ನಾವು ಇಂದು ಕೂಲಿಯ ಕೆಲಸವೆಂದು ತಿಳಿಯುವ ಪ್ರತಿ ಮಾಡುವದು, ಒಪ್ಪ ನೋಡುವದು, ವಿಷಯವಾರು ಜೋಡಿಸುವದು ಇವೇ ಅವರಿಗೆ ಗುರುಕುಲವಾದವು.

ಪ್ರತಿ ಮಾಡುವದರಲ್ಲಿ ಕಲಿಯುವಂಥದೇನಿದೆ ಎಂದು ಕೇಳುವವರಿಗೆ ಓಲೆಯ ಬರವಣಿಗೆಯ ಪರಿಚಯವಿರಲಿಕ್ಕಿಲ್ಲ. ಹಳೆಯ ಓಲೆಗಳಲ್ಲಿ ಪದಪದಗಳ ನಡುವೆ ತೆರಪಿರುವದಿಲ್ಲ. ಸಾಲೆಲ್ಲ ಒಂದೇ ಸರಪಳಿ. ಹ್ರಸ್ವ ಎಕಾರಕ್ಕೂ ದೀರ್ಘ ಏಕಾರಕ್ಕೂ, ಹ್ರಸ್ವ ಒಕಾರಕ್ಕೂ ದೀರ್ಘ ಓಕಾರಕ್ಕೂ ಬೇರೆ ಬೇರೆ ಗುರುತುಗಳಿರುವದಿಲ್ಲ. ‘ಕೊಡು’ ಎಂದು ಬರೆದಲ್ಲಿ ಅದು ದಾನದ ಮಾತೋ, ಪಶುವಿನ ಕೋಡೋ, ‘ಕೆರೆ’ ಎಂದಲ್ಲಿ ಅದು ನೀರಿನ ಕೆರೆಯೋ, ಕೇರೆ ಹಾವೋ, ಓದುವವನೇ ನಿರ್ಣಯಿಸಬೇಕು. ಕಾವ್ಯದಲ್ಲಾದರೆ ಛಂದಸ್ಸು ಕೈಹಿಡಿಯುವದು. ಷಟ್ಪದಿಯಲ್ಲಿ ಒಂದು ಮಾತ್ರೆ ಕಡಿಮೆಯಾದರೆ ಕಾಲು ಎಡವಿದಂತೆ ತಿಳಿಯುವದು. ಆಗ ಅಲ್ಲಿ ದೀರ್ಘವೇ ಇರಬೇಕೆಂದು ಬಾಲಕನೂ ಹೇಳಿಯಾನು. ವಚನವಾದರೋ ಗದ್ಯ. ಅದಕ್ಕೆ ಗಣವಿಲ್ಲ, ಮಾತ್ರೆಯ ಲೆಕ್ಕವಿಲ್ಲ. ಅಲ್ಲಿ ದಾರಿ ತೋರಿಸುವದು ಅರ್ಥವೊಂದೇ. ಅರ್ಥವಾದರೂ ಆ ವಚನಕಾರನ ನೂರು ಬೇರೆ ವಚನಗಳನ್ನು ಓದಿದವನಿಗೆ ಹೊಳೆಯುವದೇ ಹೊರತು, ಕೈಯಲ್ಲಿದ್ದ ಒಂದನ್ನೇ ದಿಟ್ಟಿಸಿದವನಿಗಲ್ಲ. ಆದುದರಿಂದ ವಚನದ ಪ್ರತಿಕಾರನು ಐವತ್ತು ಓಲೆಗಳನ್ನು ಬರೆದ ಮೇಲೆ ಬರಿಯ ಪ್ರತಿಕಾರನಾಗಿ ಉಳಿಯುವದಿಲ್ಲ; ಒಲ್ಲೆನೆಂದರೂ ಅರ್ಧಪಂಡಿತನಾಗುವನು.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಮನುಷ್ಯನ ಕಣ್ಣು ದಣಿಯುವದು. ಒಂದೇ ಪದದಿಂದ ಮುಗಿಯುವ ನಾಲ್ಕು ಸಾಲುಗಳು ಒಂದರ ಕೆಳಗೊಂದು ಬಂದರೆ (ವಚನಗಳಲ್ಲಿ ಇದು ಪದೇ ಪದೇ ಬರುವದು) ಎರಡನೆಯ ಸಾಲಿನಿಂದ ನಾಲ್ಕನೆಯದಕ್ಕೆ ಕಣ್ಣು ಹಾರಿ, ನಡುವಿನದು ಬಿಟ್ಟುಹೋಗುವದು. ಪಾಠಶಾಲೆಯಲ್ಲಿದ್ದಾಗ ನಾನೇ ಇಂಥ ತಪ್ಪುಗಳನ್ನು ಮಾಡಿ ಪಂಡಿತರಿಂದ ಕಿವಿ ಹಿಂಡಿಸಿಕೊಂಡವನು. ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಪ್ಪಿಗೆ ತನ್ನನ್ನು ದೂಷಿಸಬೇಡಿರೆಂದು ಬೇಡಿಕೊಳ್ಳುತ್ತಿದ್ದುದು ವಿನಯಕ್ಕಲ್ಲ, ಅನುಭವಕ್ಕೆ. ಯಂತ್ರದ ಕಣ್ಣು ಮಧ್ಯಾಹ್ನದ ಊಟದ ಮೇಲೆ ತೂಕಡಿಸುವದಿಲ್ಲ ಎಂಬುದು ಸಣ್ಣ ಗುಣವಲ್ಲ.

ಮುದ್ರಣದ ಕಾಲದಲ್ಲಿ ಮೊಳೆ ಜೋಡಿಸುವವರೆಂಬ ಒಂದು ವರ್ಗವು ಹುಟ್ಟಿತು. ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಸೀಸದ ಅಕ್ಷರಗಳನ್ನು ಓದಬಲ್ಲ ಆ ಜನರಲ್ಲಿ ಎಷ್ಟೋ ಮಂದಿ ಪಂಡಿತರ ಕಾಗುಣಿತವನ್ನು ಮೆಲ್ಲಗೆ ತಿದ್ದುತ್ತಿದ್ದರು. ಗಣಕಯಂತ್ರದ ಅಕ್ಷರಜೋಡಣೆ ಬಂದ ಮೇಲೆ ಆ ವರ್ಗವು ಒಂದೇ ತಲೆಮಾರಿನಲ್ಲಿ ಅಳಿದುಹೋಯಿತು. ನನಗೆ ಪರಿಚಿತನಾದ ಒಬ್ಬನು ಮೊಳೆಯ ಪೆಟ್ಟಿಗೆಯನ್ನು ತೂಕಕ್ಕೆ ಮಾರಿ ಕಿರಾಣಿ ಅಂಗಡಿಯನ್ನು ಹಾಕಿದನು. ಅವನ ಮಗನು ಗಣಕದಲ್ಲಿ ಬೆರಳಚ್ಚು ಮಾಡುವದನ್ನು ಕಲಿತು ಇಪ್ಪತ್ತು ವರ್ಷ ಹೊಟ್ಟೆ ಹೊರೆದನು. ಈಗ ಮಾತನ್ನು ಕೇಳಿ ತಾನೇ ಬರೆಯುವ ಯಂತ್ರವು ಅವನ ಗಿರಾಕಿಗಳನ್ನೂ ಕಡಿಮೆ ಮಾಡಿರುವದು. ತಂದೆಗೆ ಒಂದು ಆಯುಷ್ಯದಲ್ಲಿ ಬಂದ ಸಂಕಟವು ಮಗನಿಗೆ ಅರ್ಧ ಆಯುಷ್ಯದಲ್ಲಿ ಬಂತು.

ಪ್ರತಿಯ ಮೇಲಿನ ಮೆಟ್ಟಿಲು ಅನುಕ್ರಮಣಿಕೆಯದು: ಯಾವ ಪದವು ಎಲ್ಲಿ ಎಲ್ಲಿ, ಎಷ್ಟು ಸಲ ಬಂದಿದೆ ಎಂಬ ಪಟ್ಟಿ. ಇದು ನಮ್ಮ ದೇಶಕ್ಕೆ ಹೊಸತಲ್ಲ. ಪದ, ಕ್ರಮ, ಜಟಾ, ಘನ ಎಂದು ಶಬ್ದಗಳನ್ನು ಹಿಂದುಮುಂದಾಗಿ ಹೆಣೆದು ಹೇಳಿ, ಒಂದಕ್ಷರವೂ ಜಾರದಂತೆ ವೇದವನ್ನು ಕಾಪಾಡಿದ ಜನರು ಸೂಕ್ತ, ಋಷಿ, ಛಂದಸ್ಸುಗಳ ಅನುಕ್ರಮಣಿಗಳನ್ನೂ ರಚಿಸಿದ್ದರು. ಈಚಿನ ಕಾಲದಲ್ಲಿ ಬ್ಲೂಮ್‌ಫೀಲ್ಡ್ ಪಂಡಿತನ ವೈದಿಕ ಪಾದಾನುಕ್ರಮಣಿಯು ೧೯೦೬ರಲ್ಲಿ ಅಮೇರಿಕೆಯಲ್ಲಿ ಅಚ್ಚಾಯಿತು. ವಿಶ್ವಬಂಧು ಶಾಸ್ತ್ರಿಗಳ ‘ವೈದಿಕ ಪದಾನುಕ್ರಮ ಕೋಶ’ಕ್ಕೆ ಮೂವತ್ತು ವರ್ಷಗಳಷ್ಟು ಕಾಲ ಹಿಡಿಯಿತು. ಪುಣೆಯ ಭಾಂಡಾರಕರ ಸಂಸ್ಥೆಯವರು ೧೯೧೯ರಲ್ಲಿ ಆರಂಭಿಸಿದ ಮಹಾಭಾರತದ ಪರಿಷ್ಕರಣವು ೧೯೬೬ರಲ್ಲಿ ಮುಗಿಯಿತು; ಅದಕ್ಕಾಗಿ ೧,೨೫೯ ಹಸ್ತಪ್ರತಿಗಳನ್ನು ನೋಡಿದರೆಂದು ಲೆಕ್ಕ. ಸುಕ್ಥಣಕರರಂಥ ಸಂಪಾದಕರ ಹೆಸರು ಲೋಕಕ್ಕೆ ಗೊತ್ತು. ಒಂದೊಂದು ಶ್ಲೋಕಕ್ಕೆ ಒಂದೊಂದು ಹಾಳೆಯಂತೆ ಪಾಠಾಂತರಗಳನ್ನು ತುಂಬುತ್ತ ಕೂತ ಶಾಸ್ತ್ರಿಗಳ ಹೆಸರುಗಳನ್ನು ಹುಡುಕಿ ನೋಡಬೇಕು.

೧೯೭೦ರ ದಶಕದಲ್ಲಿ ನಮ್ಮ ಪಾಠಶಾಲೆಯ ಪಂಡಿತರು ನಮ್ಮಿಂದಲೂ ಇಂಥದೇ ಕೆಲಸವನ್ನು ಮಾಡಿಸಿದ್ದರು. ಮದುವೆಯ ಆಮಂತ್ರಣಪತ್ರಗಳ ಬೆನ್ನಿನಿಂದ ಕತ್ತರಿಸಿದ ಚೀಟಿಗಳು, ಚೀಟಿಗೊಂದು ಪದ, ಸಂಜೆ ಅವನ್ನು ಅಕಾರಾದಿಯಾಗಿ ಜೋಡಿಸಿ ದಾರದಿಂದ ಕಟ್ಟುವದು. ಎರಡು ವರ್ಷಗಳ ಆ ದುಡಿಮೆಯನ್ನು ಈಗಿನ ಯಂತ್ರವು ಎರಡು ನಿಮಿಷಗಳಲ್ಲಿ ಮಾಡುವದು. ಆದರೆ ‘ತತ್’ ಎಂಬುದು ಯಾವಾಗ ಸರ್ವನಾಮ, ಯಾವಾಗ ‘ಆದುದರಿಂದ’ ಎಂಬರ್ಥದ ಅವ್ಯಯ ಎಂದು ಚೀಟಿಯನ್ನು ಕೈಯಲ್ಲಿ ಹಿಡಿದು ತಡೆದುದರಿಂದಲೇ ನನಗೆ ತಿಳಿಯಿತು. ಆ ತಡೆಯೇ ನನ್ನ ವ್ಯಾಕರಣಪಾಠ.

ಇಟಲಿಯ ಬೂಸಾ ಎಂಬ ಪಾದ್ರಿಯು ಥಾಮಸ್ ಅಕ್ವಿನಾಸ್ ಎಂಬ ಮಧ್ಯಯುಗದ ತತ್ತ್ವಜ್ಞಾನಿಯ ಗ್ರಂಥಗಳಿಗೆ ಪದಾನುಕ್ರಮಣಿಯನ್ನು ಮಾಡಬೇಕೆಂದು ಹೊರಟನು. ಒಂದು ಕೋಟಿಗೂ ಮೇಲ್ಪಟ್ಟ ಪದಗಳು. ಕೈಯಿಂದ ಆಗದ ಮಾತು. ೧೯೪೯ರಲ್ಲಿ ಅವನು ಅಮೇರಿಕೆಗೆ ಹೋಗಿ ಐ.ಬಿ.ಎಂ. ಕಂಪನಿಯ ಯಜಮಾನನನ್ನು ಕಂಡು ರಂಧ್ರಪತ್ರದ ಯಂತ್ರಗಳ ಸಹಾಯವನ್ನು ಪಡೆದನು. ಗಲ್ಲರಾತೆ ಎಂಬ ಊರಿನಲ್ಲಿ ತರುಣಿಯರು ಕೂತು ಪತ್ರಗಳಿಗೆ ರಂಧ್ರ ಹಾಕಿದರು. ೧೯೭೪ರಿಂದ ೧೯೮೦ರ ವರೆಗೆ ೫೬ ಸಂಪುಟಗಳು ಹೊರಬಂದವು. ಸಾಹಿತ್ಯಸಂಶೋಧನಕ್ಕೆ ಗಣಕಯಂತ್ರವು ಕಾಲಿಟ್ಟುದು ಹೀಗೆ. ಆ ತರುಣಿಯರ ಹೆಸರುಗಳು ಬಹುಕಾಲ ಯಾರ ಲಕ್ಷ್ಯಕ್ಕೂ ಬರಲಿಲ್ಲ.

ನಮ್ಮ ವಚನಗಳ ಮಟ್ಟಿಗೆ ಆ ಕಾಲವು ತಡವಾಗಿ ಬಂದರೂ ಚೆನ್ನಾಗಿ ಬಂತು. ಹಳಕಟ್ಟಿಯವರ ತರುವಾಯ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದವರು ಪ್ರತಿಗಳನ್ನು ಹೋಲಿಸಿ ಪಾಠಗಳನ್ನು ಶುದ್ಧಪಡಿಸಿದರು. ನಮ್ಮ ಜಿಲ್ಲೆಯ ಸಿಂದಗಿ ಸೀಮೆಯವರೇ ಆದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ೧೯೯೩ರಲ್ಲಿ ‘ಸಮಗ್ರ ವಚನ ಸಂಪುಟ’ವನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿತು. (೨೦೧೫ರ ಆಗಸ್ಟ್ ೩೦ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಆ ವಿದ್ವಾಂಸರನ್ನು ಗುಂಡಿಟ್ಟು ಕೊಂದ ದುರ್ವಾರ್ತೆಯನ್ನು ಈ ಸಾಲಿನಲ್ಲಿ ಬರೆಯದೆ ಮುಂದೆ ಹೋಗಲಾರೆ.) ೨೦೧೦ರ ದಶಕದಲ್ಲಿ ಗಣಕವನ್ನು ಬಲ್ಲ ಕೆಲವು ತರುಣರು ಸಾಹಿತ್ಯವನ್ನು ಬಲ್ಲ ಹಿರಿಯರ ಸಲಹೆಯಿಂದ ‘ವಚನ ಸಂಚಯ’ವನ್ನು ಸಿದ್ಧಪಡಿಸಿದರು. ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ವಚನಗಳಲ್ಲಿ ಯಾವ ಪದವನ್ನು ಯಾವ ಶರಣರು ಎಷ್ಟು ಸಲ, ಎಲ್ಲಿ ಬಳಸಿದ್ದಾರೆಂಬುದು ಈಗ ಬಬಲೇಶ್ವರದ ಮನೆಯೊಂದರ ಅಟ್ಟದ ಮೇಲೆ ಕೂತವರಿಗೂ ಕ್ಷಣಮಾತ್ರದಲ್ಲಿ ದೊರೆಯುವದು. ಹಿಂದಿನವರು ಇದಕ್ಕಾಗಿ ಧಾರವಾಡ, ಮೈಸೂರುಗಳಿಗೆ ಬುತ್ತಿ ಕಟ್ಟಿಕೊಂಡು ಹೋಗಬೇಕಾಗಿದ್ದಿತು. ನಮ್ಮ ಆದಿಲಶಾಹಿ ಅರಸರ ಗ್ರಂಥಭಾಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು ೧೮೫೩ರಲ್ಲಿ ಲಂಡನ್ನಿಗೆ ಸಾಗಿದವು. ಅವನ್ನು ನೋಡಬೇಕಾದರೆ ಸಮುದ್ರವನ್ನೇ ದಾಟಬೇಕು. ದೂರದ ಪುಸ್ತಕವನ್ನು ಮನೆಗೆ ತರುವ ಯಂತ್ರವನ್ನು ಬಡವಿದ್ಯಾರ್ಥಿಯು ಬೈಯಲಾರನು.

ಆದರೆ ಎಣಿಕೆಯು ಕೈಗೆ ಬಂದೊಡನೆ ಎಣಿಕೆಯ ಅಪಾಯವೂ ಬಂತು. ಬಸವಣ್ಣನವರ ಹೆಸರಿನಲ್ಲಿ ಸುಮಾರು ೧,೪೦೦ ವಚನಗಳಿವೆ. ಅವುಗಳ ಪದಗಳನ್ನು ಎಣಿಸಿ, ಹನ್ನೆರಡನೆಯ ಶತಮಾನದ ಕನ್ನಡವು ಹೀಗಿತ್ತೆಂದು ಒಬ್ಬನು ಕೋಷ್ಟಕವನ್ನು ಬರೆದರೆ ಅದು ನೋಡಲು ಸುಂದರವಾಗಿಯೇ ಇರುವದು. ವಚನಗಳು ಇಂದಿನ ರೂಪದಲ್ಲಿ ನಮಗೆ ಬಂದುದು ಬಹುಮಟ್ಟಿಗೆ ಹದಿನೈದನೆಯ ಶತಮಾನದಿಂದೀಚೆಗೆ, ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ಮಾಡಿದ ಸಂಕಲನಗಳಿಂದಲೂ, ‘ಶೂನ್ಯಸಂಪಾದನೆ’ಯನ್ನು ಮತ್ತೆ ಮತ್ತೆ ಪರಿಷ್ಕರಿಸಿದವರ ಕೈಯಿಂದಲೂ ಎಂಬುದು ಆ ಕೋಷ್ಟಕಕ್ಕೆ ಗೊತ್ತಿಲ್ಲ. ಮುನ್ನೂರು ವರ್ಷ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ದಾಟುವಾಗ ಪ್ರತಿಕಾರನ ಕಾಲದ ರೂಪಗಳು ಒಳಗೆ ಸೇರಿರುವವು. ಯಂತ್ರದ ಎಣಿಕೆಯಲ್ಲಿ ತಪ್ಪಿಲ್ಲ. ಎಣಿಸಿದ ವಸ್ತು ಯಾವುದೆಂಬುದರಲ್ಲಿ ತಪ್ಪು. ಓಲೆಯನ್ನು ಮುಟ್ಟಿದವನು ಇದನ್ನು ಮರೆಯಲಾರನು.

ಇಷ್ಟು ಹೇಳುವಷ್ಟರಲ್ಲಿ ತಿಕೋಟಾದ ಹುಡುಗನು ನಕ್ಕನು. “ಗುರುಗಳೇ, ನಮ್ಮ ಉತಾರದ ಬೆಳೆಯ ಕಾಲಮಿನ ಹಾಗೆ” ಎಂದನು. ಅವನ ಮಾತಿನ ಅರ್ಥವನ್ನು ಹಳ್ಳಿಯನ್ನು ಬಲ್ಲ ವಾಚಕರು ತಿಳಿಯುವರು. ಕೈಬರಹದ ಪಹಣಿಗಳ ಕಾಲದಲ್ಲಿ, ಹೊಲಕ್ಕೆ ಹೋಗದೆಯೇ ಹಿಂದಿನ ವರ್ಷದ ಬೆಳೆಯನ್ನು ಮುಂದಿನ ವರ್ಷಕ್ಕೂ ಬರೆಯುವದುಂಟೆಂದು ರೈತರು ಆಡಿಕೊಳ್ಳುತ್ತಿದ್ದರು. ಜೋಳವನ್ನು ಕಿತ್ತು ದ್ರಾಕ್ಷಿ ಹಚ್ಚಿ ಮೂರು ವರ್ಷವಾದರೂ ಕಾಗದದಲ್ಲಿ ಜೋಳವೇ ಬೆಳೆಯುವದು. ಆ ಕಾಲಮನ್ನು ಕೂಡಿಸಿ ಜಿಲ್ಲೆಯ ದ್ರಾಕ್ಷಿಯ ಕ್ಷೇತ್ರವಿಷ್ಟು ಎಂದು ಹೇಳುವ ವಿಶ್ಲೇಷಕನು ಯಂತ್ರವಾದರೂ ಒಂದೇ, ಮನುಷ್ಯನಾದರೂ ಒಂದೇ. ಕಾಲಮು ಹೇಗೆ ತುಂಬಿತೆಂದು ಬಲ್ಲವನು ಮಾತ್ರ ಬೇರೆ. ಅಣ್ಣನ ಉದ್ಯೋಗವೂ ತಂಗಿಯ ಹಂಬಲವೂ ಒಂದೇ ಕುಲದವೆಂಬುದು ನನಗೆ ಮನವರಿಕೆಯಾದುದು ಆ ನಗೆಯಿಂದ.

ಪಹಣಿಯ ಮಾತು ಬಂದುದರಿಂದ ಉದ್ಯೋಗಗಳ ಇತಿಹಾಸವನ್ನು ಇಲ್ಲಿಯೇ ಹೇಳಿಬಿಡುವೆನು. ೨೦೦೧ರ ಸುಮಾರಿಗೆ ‘ಭೂಮಿ’ ಯೋಜನೆಯಿಂದ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕವನ್ನು ಸೇರಿದವು. ಆಗ ತಿಕೋಟಾ, ಬಬಲೇಶ್ವರಗಳು ತಾಲೂಕುಗಳಾಗಿರಲಿಲ್ಲ. ಎರಡೂ ಕಡೆಯ ರೈತರು ಬಿಜಾಪುರದ ಕಚೇರಿಯ ಕಿಂಡಿಯ ಮುಂದೆ ೧೫ ರೂಪಾಯಿ ಹಿಡಿದು ನಿಂತುದನ್ನು ನೋಡಿದವರಿದ್ದಾರೆ. ತಲಾಠಿಯ ಲೇಖನಿಯು ಹೋಯಿತು. ತಲಾಠಿಯ ಹುದ್ದೆಯು ಹೋಗಲಿಲ್ಲ. ಅವನ ಕೆಲಸವು ಬೇರೆಯಾಯಿತು, ಹೆಸರೂ ಬದಲಾಯಿತು. ಇದು ಸಮಾಧಾನದ ಉದಾಹರಣೆ. ಇನ್ನೊಂದು ಉದಾಹರಣೆಯೂ ಇದೇ ದಫ್ತರದಲ್ಲಿದೆ. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿರುವವು. ಕುಲಕರ್ಣಿಯ ವೃತ್ತಿಯು ಹೋದ ಮೇಲೆ ಮೋಡಿಯನ್ನು ಕಲಿಯುವ ಕಾರಣವೂ ಹೋಯಿತು. ಕಾಗದಗಳು ಮಾತ್ರ ಹೋಗಲಿಲ್ಲ; ಜಮೀನಿನ ತಕರಾರುಗಳೂ ಹೋಗಲಿಲ್ಲ. ಇಂದು ಮೋಡಿಯನ್ನು ಸರಿಯಾಗಿ ಓದಬಲ್ಲವನೊಬ್ಬನನ್ನು ಹುಡುಕಬೇಕಾದರೆ ಊರೂರು ತಿರುಗಬೇಕು.

ಪೂರ್ವಕಾಲದಲ್ಲಿ ‘ಕಂಪ್ಯೂಟರ್’ ಎಂಬುದೇ ಮನುಷ್ಯನ ಹುದ್ದೆಯ ಹೆಸರಾಗಿತ್ತೆಂಬುದನ್ನು ಬಹುಮಂದಿ ಅರಿಯರು. ಭಾರತದ ಮಹಾ ತ್ರಿಕೋಣಮಾಪನ ಸರ್ವೆಯಲ್ಲಿ ೧೮೩೧ರಲ್ಲಿ ಆ ಹೆಸರಿನ ಹುದ್ದೆಗೆ ಸೇರಿದ ರಾಧಾನಾಥ ಸಿಕದಾರರು ೧೮೫೨ರಲ್ಲಿ ಹದಿನೈದನೆಯ ಶಿಖರವೆಂದು ಕರೆಯುತ್ತಿದ್ದ ಗಿರಿಯು ಜಗತ್ತಿನಲ್ಲಿ ಅತ್ಯುನ್ನತವೆಂದು ಲೆಕ್ಕದಿಂದ ತೋರಿಸಿದರು. ಗಿರಿಗೆ ಎವರೆಸ್ಟ್ಸಾಹೇಬನ ಹೆಸರು ಬಂತು. ಹುದ್ದೆಯ ಹೆಸರು ಯಂತ್ರಕ್ಕೆ ಹೋಯಿತು. ಈಗ ೨೦೨೨ರ ನವೆಂಬರದಲ್ಲಿ ‘ಚಾಟ್‌ಜಿಪಿಟಿ’ಯು ಪ್ರಕಟವಾದಂದಿನಿಂದ, ಎಣಿಸುವದಷ್ಟೇ ಅಲ್ಲದೆ ಸಾರಾಂಶ ಬರೆಯುವ, ಲೆಕ್ಕದ ಸೂತ್ರಗಳನ್ನು ತಾನೇ ಕಟ್ಟುವ ಯಂತ್ರಗಳು ಮನೆಮನೆಗೆ ಬಂದಿವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನವು ಇವುಗಳ ಹೊಡೆತವು ಎಲ್ಲಕ್ಕಿಂತ ಹೆಚ್ಚಾಗಿ ಕಾರಕೂನಿಕೆಯ ಕೆಲಸಗಳಿಗೆ ತಗಲುವದೆಂದೂ, ಬಹುಪಾಲು ಉದ್ಯೋಗಗಳು ಪೂರ್ತಿಯಾಗಿ ಹೋಗದೆ ಅವುಗಳ ಕೆಲವು ಅಂಶಗಳನ್ನಷ್ಟೇ ಯಂತ್ರವು ವಹಿಸಿಕೊಳ್ಳುವದೆಂದೂ ಹೇಳುತ್ತದೆ. ಇದನ್ನು ಓದಿ ದೊಡ್ಡವರು ನೆಮ್ಮದಿಯಾಗಿರುವರು. ನನಗೆ ನೆಮ್ಮದಿಯಿಲ್ಲ. ಸಂಶೋಧನದಲ್ಲಿ ಕಾರಕೂನಿಕೆಯ ಅಂಶವೇ ಮೊದಲನೆಯ ಮೆಟ್ಟಿಲು. ಪ್ರತಿ, ಚೀಟಿ, ಕರಡಚ್ಚು, ಪಟ್ಟಿ ಇವನ್ನು ಯಂತ್ರಕ್ಕೆ ಕೊಟ್ಟು ಪಾಠನಿರ್ಣಯವನ್ನು ಪಂಡಿತನಿಗೆ ಇಟ್ಟುಕೊಂಡೆವೆಂದು ಹಿಗ್ಗುವವರು, ಇಪ್ಪತ್ತು ವರ್ಷಗಳ ಮೇಲೆ ಆ ಪಂಡಿತನು ಎಲ್ಲಿಂದ ಬರಬೇಕೆಂದು ಯೋಚಿಸಿಲ್ಲ.

ಇದು ಬರಿಯ ಊಹೆಯಲ್ಲ. ನಾನು ಬಲ್ಲ ಒಂದು ಸಂಸ್ಥೆಯಲ್ಲಿ (ಹೆಸರು ಬೇಡ) ಹಸ್ತಪ್ರತಿಗಳ ಕೆಲಸಕ್ಕೆ ನಾಲ್ವರು ಸಹಾಯಕರಿದ್ದರು. ಚಿತ್ರ ತೆಗೆಯುವ, ಅಕ್ಷರ ಗುರುತಿಸುವ ಯಂತ್ರಗಳು ಬಂದ ಮೇಲೆ ಈಗ ಒಬ್ಬನಿರುವನು. ಅವನೂ ಯಂತ್ರದ ಉಸ್ತುವಾರಿಗಾಗಿ, ಓಲೆಯ ಓದಿಗಾಗಿ ಅಲ್ಲ. ಉಳಿದ ಮೂವರಲ್ಲಿ ಒಬ್ಬಳು ಹತ್ತು ವರ್ಷ ದುಡಿದು, ಎರಡು ಕಟ್ಟುಗಳ ಅಕ್ಷರಗಳನ್ನು ನೋಡಿಯೇ ಇವೆರಡೂ ಒಂದೇ ಕೈಯ ಬರಹವೆಂದು ಹೇಳಬಲ್ಲವಳಾಗಿದ್ದಳು. ಅವಳೀಗ ಬಟ್ಟೆಯ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಯಂತ್ರವು ತೆಗೆದುಕೊಂಡುದು ಅವಳ ಸಂಬಳವನ್ನು. ಅವಳ ವಿದ್ಯೆಯನ್ನು ಅದು ತೆಗೆದುಕೊಳ್ಳಲಿಲ್ಲ, ನಾವೇ ಚೆಲ್ಲಿದೆವು. ಸಂಸ್ಥೆಗಳನ್ನು ನಡೆಸುವ ಮಹನೀಯರಲ್ಲಿ ನನ್ನ ವಿನಂತಿ ಇಷ್ಟೇ: ಯಂತ್ರದಿಂದ ಉಳಿದ ಹಣದ ಒಂದು ಪಾಲಿನಿಂದ, ಲಾಭವಿಲ್ಲವೆಂದು ತಿಳಿದೂ, ಇಬ್ಬರು ತರುಣರಿಗೆ ಕೈಯಿಂದ ಪ್ರತಿ ಮಾಡುವ ಕೆಲಸವನ್ನು ಸಂಬಳ ಕೊಟ್ಟು ಕಲಿಸಬೇಕು.

ಅಂದು ಹುಡುಗಿಯು ತನ್ನ ಫೋನನ್ನು ನನ್ನ ಮುಂದೆ ಹಿಡಿದು ಒಂದು ವಚನವನ್ನು ಓದಿದಳು. ಅಕ್ಕಮಹಾದೇವಿಯ ಅಂಕಿತವಿದ್ದಿತು; ಮಾತು ಮೃದುವಾಗಿ ಹರಿಯುತ್ತಿದ್ದಿತು. ಅಣ್ಣನು ತಲೆದೂಗಿದನು. ಯಂತ್ರವನ್ನು ಕೇಳಿದ್ದಕ್ಕೆ ಅದು ಅಕ್ಕನ ವಚನವೆಂದು ಕೊಟ್ಟುದಂತೆ. ನಡುವೆ ‘ವ್ಯಕ್ತಿತ್ವ’ ಎಂಬ ಪದ ಬಂದೊಡನೆ ಹಲ್ಲಿಗೆ ಕಲ್ಲು ಸಿಕ್ಕಂತಾಯಿತು. “ತಂಗೀ, ಇದರ ಬಗ್ಗೆ ನಿನಗೇನು ಅನಿಸಿತು?” ಎಂದು ಕೇಳಿದೆನು. “ಇದು ಅಕ್ಕನ ದನಿ ಅಲ್ಲ ಅನಿಸಿತ್ತು, ಗುರುಗಳೇ. ಹೇಳುವ ಧೈರ್ಯ ಇರಲಿಲ್ಲ” ಎಂದಳು. ಸಂಪುಟದ ಅಕಾರಾದಿಯಲ್ಲಿ ಆ ಮೊದಲ ಸಾಲು ಇಲ್ಲ. ‘ವಚನ ಸಂಚಯ’ದಲ್ಲಿ ಹುಡುಕಿದರೆ ಅಕ್ಕನ ವಚನಗಳಲ್ಲಿ ಆ ಪದವೂ ಇಲ್ಲ. ಒಂದು ಯಂತ್ರದ ಸುಳ್ಳನ್ನು ಇನ್ನೊಂದು ಯಂತ್ರವು ಹಿಡಿದುಕೊಟ್ಟಿತು. ಆದರೆ ಹುಡುಕಬೇಕೆಂಬ ಸಂಶಯವು ಹುಟ್ಟಿದುದು ಅವಳ ಕಿವಿಯಲ್ಲಿ. ಆ ಕಿವಿಯು ಬಂದುದು ಬಾಲ್ಯದಲ್ಲಿ ಅಜ್ಜಿಯ ಸಂಗಡ ಕೂತು ದಿನಕ್ಕೊಂದು ವಚನವನ್ನು ಬಾಯಿಪಾಠ ಮಾಡಿದುದರಿಂದ ಎಂದು ಆಮೇಲೆ ತಿಳಿಯಿತು.

ಬ್ಯಾಂಕಿನ ಪರೀಕ್ಷೆಗೆ ಕೂಡ್ರಬೇಡವೆಂದು ನಾನು ಹೇಳಲಿಲ್ಲ. ಹೊಟ್ಟೆಯ ಪ್ರಶ್ನೆಯನ್ನು ಹಗುರಾಗಿ ನೋಡುವ ಅಧಿಕಾರವು ಪಿಂಚಣಿ ಪಡೆಯುವವನಿಗಿಲ್ಲ. ಹಳಕಟ್ಟಿಯವರಿಗೂ ವಚನಗಳು ಅನ್ನ ಕೊಡಲಿಲ್ಲ, ಇದ್ದುದನ್ನು ಕಳೆದವು. ಪರೀಕ್ಷೆಗೂ ಕೂಡ್ರು, ಭಾನುವಾರಗಳಂದು ಇಲ್ಲಿಗೂ ಬಾ ಎಂದೆನು. ನನ್ನ ಬಳಿ ಹಿರಿಯರಿಂದ ಬಂದ ಒಂದು ಸಣ್ಣ ಓಲೆಯ ಕಟ್ಟು ಇದೆ. ಭಾದ್ರಪದದಿಂದ ಅವಳು ತಪ್ಪದೆ ಬರುತ್ತಿದ್ದಾಳೆ. ಬಬಲೇಶ್ವರದ ಬಸ್ಸು ತಡವಾದರೆ ಒಂದು ತಾಸು ಕಡಿಮೆಯಾಗುವದು. ಮೊದಲನೆಯ ಗರಿಗೆ ಮೂರು ಭಾನುವಾರಗಳು ಹಿಡಿದವು. ಎರಡನೆಯದಕ್ಕೆ ಒಂದೇ ಸಾಕಾಯಿತು. ಅಣ್ಣನು ಗರಿಗಳ ಚಿತ್ರವನ್ನು ತೆಗೆದು ಬೆಂಗಳೂರಿನಿಂದ ಯಂತ್ರದ ಓದನ್ನೂ ಕಳಿಸುತ್ತಾನೆ. ಎರಡನ್ನೂ ಎದುರುಬದುರಾಗಿ ಇಟ್ಟು ನೋಡುತ್ತೇವೆ. ಕೆಲವೆಡೆ ಅದು ನಮ್ಮ ತಪ್ಪನ್ನು ತೋರಿಸಿದೆ. ಮೂರನೆಯ ಗರಿಯ ಅಂಚನ್ನು ಹುಳು ತಿಂದಿದೆ. ಅಲ್ಲಿಯ ‘ಕೊಡು’ ಎಂಬುದನ್ನು ಯಂತ್ರವು ಹ್ರಸ್ವವೆಂದು ಓದಿತು, ನಾನು ದೀರ್ಘವೆಂದೆನು. ಅವಳು ಎರಡನ್ನೂ ಬರೆದುಕೊಂಡು, ಮುಂದಿನ ನಾಲ್ಕು ಅಕ್ಷರಗಳು ತಿಳಿಯುವ ವರೆಗೆ ಯಾವುದನ್ನೂ ಹೊಡೆದುಹಾಕಲಾರೆನೆಂದು ಹೇಳಿದ್ದಾಳೆ.